ತುಮಕೂರಲ್ಲಿ ನೀರು ಕುದಿಯೋದು 97ಕ್ಕೆ: ಪಾಕದ ಥರ್ಮಾಮೀಟರ್ ಬಗ್ಗೆ ಎರಡನೇ ಸಲ ಬರೀತಿದ್ದೀನಿ

ಮೂರು ವಾರದ ಹಿಂದೆ ಇದೇ ಥರ್ಮಾಮೀಟರ್‌ಗೆ ಒಂದೇ ಒಂದು ಸ್ಟಾರ್ ಕೊಟ್ಟು, "ಮೂರು ಡಿಗ್ರಿ ಕಡಿಮೆ ತೋರಿಸುತ್ತೆ, ದುಡ್ಡು ದಂಡ, ಯಾರೂ ತಗೋಬೇಡಿ" ಅಂತ ಬರೆದವಳು ನಾನೇ. ಅದನ್ನ ಅಳಿಸಿದ್ದೀನಿ. ಅಳಿಸೋ ಹೊತ್ತಿಗೆ ಹನ್ನೊಂದು ಜನ ಅದನ್ನ ಉಪಯುಕ್ತ ಅಂತ ಒತ್ತಿಬಿಟ್ಟಿದ್ದರು. ಆ ಹನ್ನೊಂದು ಜನಕ್ಕೆ ಮೊದಲು ಹೇಳಬೇಕಾದ್ದು ಇಷ್ಟು: ಥರ್ಮಾಮೀಟರ್ ಸರಿಯಾಗಿದೆ. ಸರಿ ಇಲ್ಲದ್ದು ನನ್ನ ಲೆಕ್ಕ.

ವಸ್ತು ಏನು ಅಂದ್ರೆ, ಒಂದು ಗೇಣಿಗಿಂತ ಸ್ವಲ್ಪ ಚಿಕ್ಕದಾದ ಸ್ಟೀಲ್ ಕಡ್ಡಿ, ಅದರ ಮೇಲೊಂದು ಬಿಳಿ ಪ್ಲಾಸ್ಟಿಕ್ ತಲೆ, ತಲೆಯಲ್ಲಿ ನಾಲ್ಕು ಗುಂಡಿ. 449 ರೂಪಾಯಿ. ಮೈನಸ್ 50ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೂ ತೋರಿಸುತ್ತೆ ಅಂತ ಡಬ್ಬಿ ಮೇಲೆ ಇದೆ. ಜ್ವರ ನೋಡೋ ಥರ್ಮಾಮೀಟರ್ ಮನೇಲಿ ಇತ್ತಲ್ಲ ಅಂತ ನಮ್ಮನೆಯವರು ಕೇಳಿದರು. ಅದು 42-43ಕ್ಕೆ ಸುಸ್ತಾಗುತ್ತೆ ಕಣ್ರೀ, ಪಾಕ 150ರ ಹತ್ತಿರ ಹೋಗುತ್ತೆ ಅಂದೆ.

ಇದನ್ನ ತರಿಸೋಕೆ ಕಾರಣ ಮಗಳ ಹುಟ್ಟುಹಬ್ಬ. ಕ್ಲಾಸಲ್ಲಿ 42 ಮಕ್ಕಳು. ಪ್ರತಿ ವರ್ಷ ಹೊರಪೇಟೆ ಅಂಗಡಿಯಿಂದ ಪೆಪ್ಪರ್‌ಮೆಂಟ್ ಪ್ಯಾಕೆಟ್ ತಂದು ಕೊಟ್ಟು ಕಳಿಸ್ತಿದ್ದೆ. ಈ ವರ್ಷ "ಅಮ್ಮ, ನೀನೇ ಮಾಡಿಕೊಡು, ಮೆತ್ತಗೆ ಇರಬೇಕು, ಹಾಲಿನ ಟಾಫಿ" ಅಂದಳು. ನಾನು ಕಡ್ಲೆಬೀಜದ ಮಿಠಾಯಿ ಮಾಡ್ತೀನಿ, ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕ್ತೀನಿ, ಎಳೆಪಾಕ ಉಂಡೆಪಾಕ ಎಲ್ಲ ಬೆರಳಲ್ಲೇ ಗೊತ್ತಾಗುತ್ತೆ. ಆದರೆ ಹಾಲು ಬೆಣ್ಣೆ ಸೇರಿದ ಪಾಕ ಬೆರಳಿಗೆ ಜಿಡ್ಡು ಜಿಡ್ಡಾಗಿ ಎಳೆ ಬಂತೋ ಇಲ್ಲವೋ ಅಂತ ತಿಳಿಯೋದೇ ಇಲ್ಲ. ಅದಕ್ಕೇ ಥರ್ಮಾಮೀಟರ್.

ಅಳತೆ ಹೀಗೆ: ಸಕ್ಕರೆ 200 ಗ್ರಾಂ, ಕ್ರೀಮ್ 200 ಮಿ.ಲೀ. ಪ್ಯಾಕೆಟ್ ಒಂದು, ಉಪ್ಪು ಹಾಕದ ಬೆಣ್ಣೆ 50 ಗ್ರಾಂ, ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗೋ ಲಿಕ್ವಿಡ್ ಗ್ಲೂಕೋಸ್ ಎರಡು ದೊಡ್ಡ ಚಮಚ, ಒಂದು ಚಿಟಿಕೆ ಉಪ್ಪು. ಗ್ಲೂಕೋಸ್ ಬಿಡಬೇಡಿ. ಅದಿಲ್ಲದಿದ್ದರೆ ಆರಿದ ಮೇಲೆ ಸಕ್ಕರೆ ಮತ್ತೆ ಹರಳುಗಟ್ಟಿ, ಟಾಫಿ ಹಲ್ಲಿಗೆ ಮರಳು ಮರಳಾಗಿ ಸಿಗುತ್ತೆ. ಎಲ್ಲ ಒಟ್ಟಿಗೆ ಹಾಕಿ, ಸಣ್ಣ ಉರೀಲಿ, ತಳ ಹಿಡೀದ ಹಾಗೆ ಕೈಯಾಡಿಸ್ತಾ 118 ಡಿಗ್ರಿ ಬಂದ ತಕ್ಷಣ ಒಲೆಯಿಂದ ಇಳಿಸಬೇಕು ಅಂತ ಪುಸ್ತಕದಲ್ಲಿ ಬರೆದಿತ್ತು. ನಾನು ಚಾಚೂ ತಪ್ಪದೆ 118ಕ್ಕೇ ಇಳಿಸಿದೆ.

ಗಟ್ಟಿಯಾಯ್ತು. ಕಲ್ಲಲ್ಲ, ಆದರೆ ಮೆತ್ತಗೂ ಇಲ್ಲ. ಕಚ್ಚಿದರೆ ಬಿಡೋದಿಲ್ಲ, ಬಿಟ್ಟರೆ ಹಲ್ಲು ಕಿತ್ತುಕೊಂಡೇ ಬರುತ್ತೆ ಅನ್ನೋ ಹಾಗೆ. ನಮ್ಮ ಅತ್ತೆ ಒಂದು ಬಾಯಿಗೆ ಹಾಕಿಕೊಂಡು ಮಾತೇ ನಿಲ್ಲಿಸಿದರು. ಕೆಳಗಿನ ಹಲ್ಲಿನ ಸೆಟ್ಟು ಮೇಲಿನದಕ್ಕೆ ಅಂಟಿಕೊಂಡಿತ್ತು. ಬಿಸಿನೀರು ಕುಡಿಸಿ ಬಿಡಿಸಿದ ಮೇಲೆ ಅವರು ಹೇಳಿದ ಮೊದಲನೇ ಮಾತು: "ಆ ಕಡ್ಡೀಗೆ ಎಷ್ಟು ಕೊಟ್ಟೆಯಮ್ಮ?"

ಅನುಮಾನ ಬಂತು. ಕುದಿಯೋ ನೀರು 100 ಡಿಗ್ರಿ ಅಂತ ಎಂಟನೇ ಕ್ಲಾಸಿನವರಿಗೂ ಗೊತ್ತು. ಹಾಲಿನ ಪಾತ್ರೇಲಿ ನೀರಿಟ್ಟು, ಕೊತ ಕೊತ ಕುದಿಯುವಾಗ ಕಡ್ಡಿ ಅದ್ದಿದೆ. 97.1. ಐದು ನಿಮಿಷ ಬಿಟ್ಟೆ, 97.2. ಉರಿ ಜೋರು ಮಾಡಿದೆ, ನೀರು ಹಾರಿ ಕೈಮೇಲೆ ಬಿತ್ತು, ಸಂಖ್ಯೆ ಮಾತ್ರ ಅಲ್ಲಿಂದ ಅಲ್ಲಾಡಲಿಲ್ಲ. ಮೂರು ಡಿಗ್ರಿ ಕಡಿಮೆ ತೋರಿಸ್ತಿದೆ, ನಾನು 118 ಅಂದುಕೊಂಡಾಗ ನಿಜಕ್ಕೂ 121 ಆಗಿತ್ತು, ಅದಕ್ಕೇ ಟಾಫಿ ಗಟ್ಟಿಯಾಗಿದ್ದು. ಲೆಕ್ಕ ಎಷ್ಟು ಚೆನ್ನಾಗಿ ಕೂತಿತು ಅಂದ್ರೆ ಆವತ್ತು ರಾತ್ರಿನೇ ಒಂದು ಸ್ಟಾರ್ ಕೊಟ್ಟು, ವಾಪಸ್ ತಗೊಳ್ಳಿ ಅಂತ ಅರ್ಜಿ ಹಾಕಿ ಮಲಗಿದೆ.

ಭಾನುವಾರ ಅಕ್ಕ ಭಾವ ಬಂದಿದ್ದರು. ಭಾವ ಮಧುಗಿರಿಯಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡ್ತಾರೆ. ನನ್ನ ಕಥೆ ಎಲ್ಲ ಕೇಳಿ, ನಗಲಿಲ್ಲ, ಅದೇ ಅವರ ದೊಡ್ಡತನ. "ಫ್ರಿಜ್‌ನಲ್ಲಿ ಐಸ್ ಇದೆಯಾ?" ಅಂದರು. ಐಸನ್ನ ಬಟ್ಟೇಲಿ ಸುತ್ತಿ ಲಟ್ಟಣಿಗೇಲಿ ಪುಡಿ ಮಾಡಿಸಿ, ಲೋಟದ ತುಂಬ ತುಂಬಿ, ಸ್ವಲ್ಪ ನೀರು ಹಾಕಿ ಕಡ್ಡಿ ನಿಲ್ಲಿಸಿದರು. ಒಂದು ನಿಮಿಷಕ್ಕೆ 0.2 ತೋರಿಸಿತು.

"ಥರ್ಮಾಮೀಟರ್ ಸುಳ್ಳು ಹೇಳ್ತಿಲ್ಲ ಕಣಮ್ಮ. ಐಸು ಎಲ್ಲಿದ್ದರೂ ಸೊನ್ನೆಗೇ ಕರಗೋದು, ನೀರು ಮಾತ್ರ ಊರು ನೋಡಿ ಕುದಿಯುತ್ತೆ. ನಮ್ಮ ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡ್ ಯಾವತ್ತಾದರೂ ಪೂರ್ತಿ ಓದಿದ್ದೀಯಾ?"

ಓದಿರಲಿಲ್ಲ. ಊರಿನ ಹೆಸರಿನ ಜೊತೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಅದರಲ್ಲಿ ಸಣ್ಣಗೆ ಬರೆದಿರ್ತಾರಂತೆ. ತುಮಕೂರು ಸುಮಾರು 820 ಮೀಟರ್ ಮೇಲಿದೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಒತ್ತಡ ಕಡಿಮೆ ಆದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತೆ. ಹೆಚ್ಚುಕಮ್ಮಿ 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತೆ. ಹಾಗಾಗಿ ಮಂಗಳೂರಲ್ಲಿ 100, ನಮ್ಮಲ್ಲಿ 97 ಚಿಲ್ಲರೆ. ದೇವರಾಯನದುರ್ಗದ ಮೇಲೆ ಸ್ಟೌ ಹಚ್ಚಿದರೆ 96ಕ್ಕೇ ಕುದಿಯುತ್ತೆ, ನಂದಿ ಬೆಟ್ಟದ ಮೇಲಾದರೆ 95. ಕುಕ್ಕರ್ ಮಾಡೋದು ಇದರ ಉಲ್ಟಾ ಅಂತ ಶುರು ಮಾಡಿದರು, ಅಷ್ಟರಲ್ಲಿ ಅಕ್ಕ ಊಟಕ್ಕೆ ಎಬ್ಬಿಸಿದಳು.

ಊಟ ಆದ ಮೇಲೆ ಬಾಳೆಎಲೆ ಮುಂದೆ ಕೂತೇ ನಾನು ಕೇಳಿದೆ: ಸರಿ ಭಾವ, ನೀರಿನ ಕಥೆ ಆಯ್ತು, ನನ್ನ ಟಾಫಿ ಯಾಕೆ ಗಟ್ಟಿಯಾಯ್ತು? ಪಾಕದ ಹದ ಅಂದ್ರೆ ಅದರಲ್ಲಿ ನೀರು ಎಷ್ಟು ಉಳಿದಿದೆ ಅನ್ನೋದು, ಅಷ್ಟೇ. ನೀರು ಆರುತ್ತಾ ಹೋದ ಹಾಗೆ ಪಾಕದ ಬಿಸಿ ಏರುತ್ತೆ, ಆ ಬಿಸಿ ನೋಡಿ ಉಳಿದ ನೀರನ್ನ ಊಹಿಸ್ತೀವಿ. ಪುಸ್ತಕದ 118 ಅನ್ನೋದು ಸಮುದ್ರದ ಪಕ್ಕದವರ ಲೆಕ್ಕ, ಅಂದ್ರೆ ನೀರು ಕುದಿಯೋದಕ್ಕಿಂತ 18 ಡಿಗ್ರಿ ಮೇಲೆ. ನಮ್ಮೂರಲ್ಲಿ ನೀರು 97ಕ್ಕೆ ಕುದಿಯೋದ್ರಿಂದ 97ಕ್ಕೆ 18 ಸೇರಿಸಿ 115ಕ್ಕೇ ಇಳಿಸಬೇಕಿತ್ತು. ನಾನು 118ರವರೆಗೂ ಕಾಯಿಸಿ ಮೂರು ಡಿಗ್ರಿಯಷ್ಟು ನೀರನ್ನ ಹೆಚ್ಚಾಗಿ ಆರಿಸಿದ್ದೆ.

ತಮಾಷೆ ನೋಡಿ, ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡರೂ ಉತ್ತರ 115, ಊರು ಎತ್ತರದಲ್ಲಿದೆ ಅಂದುಕೊಂಡರೂ ಉತ್ತರ 115. ಹಾಗಾದ್ರೆ ಜಗಳ ಯಾಕೆ ಅಂದ್ರೆ, ವ್ಯತ್ಯಾಸ ಬಾಣಲೆಯ ಎಣ್ಣೇಲಿ ಗೊತ್ತಾಗುತ್ತೆ. ಕೋಡುಬಳೆಗೆ ಎಣ್ಣೆ 170 ಇರಲಿ ಅಂದರೆ ತುಮಕೂರಲ್ಲೂ 170ಕ್ಕೇ ಕಾಯಿಸಬೇಕು, ಅಲ್ಲಿ ಮೂರು ಕಳೆಯೋ ಹಾಗಿಲ್ಲ. ಪಾಕಕ್ಕೆ ಮಾತ್ರ ಈ ಕಳೆಯೋ ಲೆಕ್ಕ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು, ಈ ಕಡೆಯವರೆಲ್ಲ ಹೊಸ ಥರ್ಮಾಮೀಟರ್ ಬಂದ ದಿನ ಮೊದಲು ನಿಮ್ಮ ಮನೆ ನೀರು ಕುದಿಸಿ, ನೂರಕ್ಕೆ ಎಷ್ಟು ಕಡಿಮೆ ಬಂತು ಅಂತ ಡಬ್ಬಿ ಮೇಲೆ ಪೆನ್ನಲ್ಲಿ ಬರೆದಿಡಿ. ನನ್ನ ಡಬ್ಬಿ ಮೇಲೆ ದಪ್ಪಗೆ 3 ಅಂತ ಇದೆ.

ಸೋಮವಾರ ರಾತ್ರಿ 115ಕ್ಕೆ ಇಳಿಸಿದೆ. ತುಪ್ಪ ಸವರಿದ ತಟ್ಟೆಗೆ ಸುರಿದು, ಬೆಳಗ್ಗೆ ಕತ್ತರಿಸಿ, ಬಟರ್ ಪೇಪರಲ್ಲಿ ಸುತ್ತಿದೆ. ಬೆರಳಿಂದ ಒತ್ತಿದರೆ ಗುಳಿ ಬಿದ್ದು ನಿಧಾನಕ್ಕೆ ಮೇಲೇಳುತ್ತೆ. ಅತ್ತೆ ಎರಡು ತಿಂದರು, ಸೆಟ್ಟು ಸೆಟ್ಟಿನ ಜಾಗದಲ್ಲೇ ಇತ್ತು. ವಾಪಸ್ ಅರ್ಜಿ ರದ್ದು ಮಾಡಿದೆ.

ಇನ್ನು ಇದರ ದೋಷ. ದೋಷ ಇಲ್ಲ ಅಂತ ಹೇಳೋಕೆ ಬಂದಿಲ್ಲ ನಾನು.

ಮೊದಲನೇದು ಹೋಲ್ಡ್ ಅನ್ನೋ ಗುಂಡಿ. ಅದನ್ನ ಒತ್ತಿದರೆ ಸಂಖ್ಯೆ ಅಲ್ಲೇ ನಿಂತುಬಿಡುತ್ತೆ. ಅದು ಇರೋದು ಆನ್ ಗುಂಡಿಯ ಪಕ್ಕದಲ್ಲೇ, ಅದೇ ಗಾತ್ರ, ಅದೇ ಬಣ್ಣ. ಮೆತ್ತನೆ ಟಾಫಿ ಗೆದ್ದ ಹುರುಪಲ್ಲಿ ಮುಂದಿನ ವಾರ ಗಟ್ಟಿ ಬೆಣ್ಣೆ ಟಾಫಿಗೆ ಕೈ ಹಾಕಿದೆ: 200 ಗ್ರಾಂ ಸಕ್ಕರೆ, 200 ಗ್ರಾಂ ಬೆಣ್ಣೆ, ಎರಡು ಚಮಚ ನೀರು, ಮಂಡಿಪೇಟೆಯಿಂದ ತಂದ ಕಡ್ಲೆಬೀಜ ಹುರಿದು ಸಿಪ್ಪೆ ಉದುರಿಸಿದ್ದು ಒಂದು ಬಟ್ಟಲು. ಇದಕ್ಕೆ ಪುಸ್ತಕದ ಲೆಕ್ಕ 150, ನಮ್ಮೂರಿಗೆ 147. ಈ ಪಾಕದ ಸ್ವಭಾವ ಹೇಗೆ ಅಂದ್ರೆ, 105ರಿಂದ 110ರ ನಡುವೆ ಕಾಲು ನೀಡಿ ಕೂತುಬಿಡುತ್ತೆ, ನೀರೆಲ್ಲ ಆರೋವರೆಗೂ ಏಳೋದಿಲ್ಲ. ನಮಗೆ ಬೇಸರ ಬರುತ್ತೆ. 125 ದಾಟಿತೋ, ಓಟ. ಆ ಓಟದ ಹೊತ್ತಲ್ಲೇ ನನ್ನ ಹೆಬ್ಬೆರಳು ಹೋಲ್ಡ್ ಗುಂಡಿಗೆ ತಾಗಿದೆ. 131 ಅಂತ ನಿಂತಿದೆ, ನಾನು "ಇನ್ನೂ 16 ಇದೆ" ಅಂತ ಕೈಯಾಡಿಸ್ತಾ ಇದ್ದೀನಿ. ಬಣ್ಣ ಜೇನಿನಿಂದ ಕಾಫಿಗೆ, ಕಾಫಿಯಿಂದ ಡಿಕಾಕ್ಷನ್‌ಗೆ ತಿರುಗಿ ಹೊಗೆ ಎದ್ದಾಗಲೇ ಎಚ್ಚರ ಆಗಿದ್ದು. 200 ಗ್ರಾಂ ಬೆಣ್ಣೆ ಹೋಯ್ತು, ಆ ಸಂಕಟ ಬೇರೆ. (ಪಾತ್ರೆ ತಿಕ್ಕೋಕೆ ಹೋಗಬೇಡಿ. ನೀರು ತುಂಬಿಸಿ ಕುದಿಸಿದರೆ ಸುಟ್ಟ ಸಕ್ಕರೆ ತಾನೇ ಬಿಡುತ್ತೆ.) ಈಗ ಆ ಗುಂಡಿ ಮೇಲೆ ಒಂದು ತುಂಡು ರಟ್ಟು ಇಟ್ಟು ಟೇಪ್ ಸುತ್ತಿದ್ದೀನಿ.

ಎರಡನೇದು, ಹತ್ತು ನಿಮಿಷಕ್ಕೆ ತಾನಾಗೇ ಆಫ್ ಆಗುತ್ತೆ. ಪಾಕಕ್ಕೆ ಇಪ್ಪತ್ತು ನಿಮಿಷ ಬೇಕು. ಇದನ್ನ ಮಾಡಿದವರು ಯಾರೂ ಪಾಕದ ಮುಂದೆ ನಿಂತವರಲ್ಲ ಅನಿಸುತ್ತೆ.

ಜೊತೆಗೆ ಬರೋ ಕ್ಲಿಪ್ ನಮ್ಮ ಬಾಣಲೆ ಅಂಚಿಗೆ ಕೂರೋದಿಲ್ಲ. ಅಂಚು ನೆಟ್ಟಗಿರೋ ಪಾತ್ರೆಗೆ ಮಾಡಿದ್ದು ಅದು. ಅದು ಒಂದು ರೀತೀಲಿ ಒಳ್ಳೇದೇ ಆಯ್ತು ಅನ್ನಿ, ಯಾಕಂದ್ರೆ ಬಾಣಲೇಲಿ ಸ್ವಲ್ಪ ಪಾಕ ಹಾಕಿದರೆ ಅಗಲಕ್ಕೆ ಹರಡಿ ಒಂದು ಬೆರಳು ದಪ್ಪವೂ ಇರೋದಿಲ್ಲ. ಕಡ್ಡಿಯ ತುದಿ ಎರಡು ಬೆರಳಾದರೂ ಮುಳುಗಿರಬೇಕು, ತಳಕ್ಕೆ ತಾಗಬಾರದು. ತಾಗಿದರೆ ಪಾಕದ ಬಿಸಿ ಅಲ್ಲ, ಪಾತ್ರೆಯ ಬಿಸಿ ತೋರಿಸುತ್ತೆ. ಹಾಗಾಗಿ ಹಾಲು ಕಾಯಿಸೋ ದಪ್ಪ ತಳದ, ಎತ್ತರದ ಪಾತ್ರೆಯೇ ಸರಿ. ಉಕ್ಕಿದರೂ ಒಳಗೇ ಉಕ್ಕುತ್ತೆ. ಪಾಕ ಕೈಮೇಲೆ ಬಿದ್ದರೆ ಬಿಸಿನೀರಿನ ಹಾಗೆ ಜಾರಿ ಹೋಗೋದಿಲ್ಲ, ಅಂಟಿಕೊಂಡೇ ಸುಡುತ್ತೆ. ಮಕ್ಕಳನ್ನ ಅಡುಗೆಮನೆಯಿಂದ ಆಚೆ ಕಳಿಸಿ.

ಹೊಗಳಬೇಕಾದ್ದು ಅಂದ್ರೆ ನಿಖರತೆ. ಅದನ್ನ ಖಾತ್ರಿ ಮಾಡಿಕೊಂಡಿದ್ದು ಅತ್ತೆಯ ಕಮ್ಮರಕಟ್ಟಿನಿಂದ. ಅವರು ತಿಪಟೂರು ಕಡೆಯವರು, ಕಾಯಿಗೆ ಬರ ಇಲ್ಲದ ಮನೆಯಿಂದ ಬಂದವರು. ಬೆಲ್ಲದ ಪಾಕಕ್ಕೆ ಕಾಯಿತುರಿ ಹಾಕಿ ಕಾಯಿಸಿ, ಪಕ್ಕದಲ್ಲಿ ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡು, ಒಂದು ತೊಟ್ಟು ಬಿಟ್ಟು, ಉಂಡೆ ಮಾಡಿ ಬಟ್ಟಲಿಗೆ ಹೊಡೀತಾರೆ. ಟಣ್ ಅಂದರೆ ಹದ. "ನೀವು ನಿಮ್ಮ ಪಾಡಿಗೆ ಮಾಡಿ ಅತ್ತೆ, ನಾನು ಸುಮ್ಮನೆ ಅಳೀತೀನಿ" ಅಂದೆ. ಅವರಿಗೆ ಸಂಖ್ಯೆ ಕಾಣದ ಹಾಗೆ ತಿರುಗಿಸಿ ಹಿಡಿದಿದ್ದೆ. ಮೂರು ಭಾನುವಾರ, ಮೂರು ಸಲ. ಅವರು ಆಯ್ತು ಅಂದಾಗ ಕಡ್ಡಿ ತೋರಿಸಿದ್ದು 128, 129, 127.

ಅವರ ಬಟ್ಟಲಿಗೆ ಯಾವ ಊರಿನ ಲೆಕ್ಕವೂ ಬೇಡ ಅನ್ನೋದು ಆಗ ಹೊಳೀತು. ಅವರು ಬಿಸಿ ನೋಡ್ತಿಲ್ಲ, ಪಾಕವನ್ನೇ ಮುಟ್ಟಿ ನೋಡ್ತಿದ್ದಾರೆ. ಹಾಗಂತ ನಾನು ಥರ್ಮಾಮೀಟರ್ ಬಿಸಾಕೋದಿಲ್ಲ. ತೊಟ್ಟು ಬಿಟ್ಟು, ಆರಿಸಿ, ಉಂಡೆ ಕಟ್ಟಿ ನೋಡೋಷ್ಟರಲ್ಲಿ ಸ್ಟೌ ಮೇಲಿನ ಪಾಕ ಹತ್ತು ಡಿಗ್ರಿ ಓಡಿರುತ್ತೆ. ಅತ್ತೆ ಪ್ರತಿ ಸಲ ಪಾತ್ರೆ ಕೆಳಗಿಳಿಸಿಯೇ ನೋಡ್ತಾರೆ, ನನಗೆ ಅಷ್ಟು ತಾಳ್ಮೆ ಇಲ್ಲ. ಬೆಲ್ಲಕ್ಕೆ ಅವರ ಬಟ್ಟಲು, ಬೆಣ್ಣೆ ಸಕ್ಕರೆಗೆ ನನ್ನ ಕಡ್ಡಿ ಅಂತ ನಮ್ಮಿಬ್ಬರಲ್ಲಿ ಒಪ್ಪಂದ ಆಗಿದೆ. ಬೆಲ್ಲ ಬೇಗ ಸೀಯುತ್ತೆ ಕೂಡ, ಅದನ್ನ ಸಕ್ಕರೆಯ ಹಾಗೆ 147ಕ್ಕೆ ತಗೊಂಡು ಹೋಗೋ ಸಾಹಸ ಬೇಡ.

ಈಗ ನಾಲ್ಕು ಸ್ಟಾರ್ ಕೊಡ್ತಿದ್ದೀನಿ. ಕಳೆದ ಒಂದು ಸ್ಟಾರ್ ಆ ಹೋಲ್ಡ್ ಗುಂಡಿಗೆ, 200 ಗ್ರಾಂ ಬೆಣ್ಣೆಯ ಲೆಕ್ಕದಲ್ಲಿ.

ಬ್ಯಾಟರಿ ಗುಂಡಿ ಗಾತ್ರದ್ದು, ಜೊತೇಲಿ ಬಂದದ್ದು ಮೂರೇ ವಾರಕ್ಕೆ ಮಂಕಾಯ್ತು. ವಾಚ್ ರಿಪೇರಿ ಅಂಗಡೀಲಿ ಸಿಗುತ್ತೆ, ಹಳೇದನ್ನ ತೋರಿಸಿ ಎರಡು ತಂದಿಟ್ಟುಕೊಳ್ಳಿ. ನಮ್ಮನೇಲಿ ಅದು ಬೇಗ ಖಾಲಿಯಾಗೋಕೆ ಇನ್ನೊಂದು ಕಾರಣ ಮೊನ್ನೆ ಗೊತ್ತಾಯ್ತು: ರಾತ್ರಿ ಹೆಪ್ಪು ಹಾಕೋ ಮುಂಚೆ ಅತ್ತೆ ಹಾಲಿಗೆ ಕಡ್ಡಿ ಅದ್ದಿ, ಕನ್ನಡಕ ಹಾಕಿಕೊಂಡು, ಅದು 40ಕ್ಕೆ ಇಳಿಯೋವರೆಗೂ ಅದರ ಮುಂದೇ ಕೂತಿರ್ತಾರೆ.