ನಗಿಸುತ್ತಲೇ ಸುಳಿವು ಬಚ್ಚಿಡುವ ಪುಸ್ತಕ: ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಅಟ್ ದಿ ವಿಕರೇಜ್’

ಬುಧವಾರ ಮಧ್ಯಾಹ್ನದ ಊಟ. ಪಾದ್ರಿ ಲೆನರ್ಡ್ ಕ್ಲೆಮೆಂಟ್ ಗಟ್ಟಿ ಮಾಂಸವನ್ನು ಕಷ್ಟಪಟ್ಟು ಕೊಯ್ಯುತ್ತ, ಕರ್ನಲ್ ಪ್ರೊಥೆರೋನನ್ನು ಯಾರಾದರೂ ಕೊಂದರೆ ಲೋಕಕ್ಕೇ ಉಪಕಾರ ಎಂದುಬಿಡುತ್ತಾನೆ. ಮನೆಯಲ್ಲಿರುವ 16 ವರ್ಷದ ಹುಡುಗ ಡೆನಿಸ್ ಸುಮ್ಮನಿರುತ್ತಾನೆಯೇ? ನಾಳೆ ಕರ್ನಲ್ ಹೆಣವಾಗಿ ಸಿಕ್ಕರೆ ಈ ಮಾತು ನಿಮ್ಮ ಕೊರಳಿಗೇ ಬರುತ್ತದೆ ಎಂದು ಛೇಡಿಸುತ್ತಾನೆ. ಮರುದಿನ ಸಂಜೆ ಕರ್ನಲ್ ಸತ್ತಿರುತ್ತಾನೆ. ಅದೂ ಪಾದ್ರಿಯ ಓದುವ ಕೋಣೆಯಲ್ಲಿ, ಪಾದ್ರಿಯದೇ ಬರೆಯುವ ಮೇಜಿನ ಮೇಲೆ ಒರಗಿಕೊಂಡು, ತಲೆಗೆ ಗುಂಡು ತಗಲಿ.

1930ರಲ್ಲಿ ಬಂದ ಈ ಪುಸ್ತಕ, ಕ್ರಿಸ್ಟಿಯ ಹವ್ಯಾಸಿ ಪತ್ತೇದಾರಿ ಪಾತ್ರವಾದ ಮಿಸ್ ಮಾರ್ಪಲ್ ಬರುವ ಮೊದಲ ಕಾದಂಬರಿ. ಸಣ್ಣ ಕಥೆಗಳಲ್ಲಿ ಅವಳು 1927ರಲ್ಲೇ ಕಾಣಿಸಿಕೊಂಡಿದ್ದಳು. ಒಟ್ಟು 32 ಅಧ್ಯಾಯಗಳು, ಚಿಕ್ಕಚಿಕ್ಕವು. ಕಥೆ ಹೇಳುವವನು ಪಾದ್ರಿಯೇ. ಊರು ಇಂಗ್ಲೆಂಡಿನ ಸೇಂಟ್ ಮೇರಿ ಮೀಡ್, ಒಬ್ಬರ ಮನೆಯ ಹಿತ್ತಿಲು ಇನ್ನೊಬ್ಬರ ಕಿಟಕಿಗೆ ಕಾಣುವಂಥ ಹಳ್ಳಿ. ಹಾಸ್ಯವಿರುವ ಪತ್ತೇದಾರಿ ಕಾದಂಬರಿಗಳು ಈಗ ರಾಶಿ ರಾಶಿ ಬರುತ್ತವೆ. ಅವುಗಳಲ್ಲಿ ಬಹಳಷ್ಟರಲ್ಲಿ ನಗೆ ಒಂದು ಕಡೆ, ತನಿಖೆ ಇನ್ನೊಂದು ಕಡೆ. ನಗೆಯ ಪುಟಗಳನ್ನು ಕಿತ್ತು ಹಾಕಿದರೂ ಕೊಲೆಗಾರ ಸಿಕ್ಕೇ ಸಿಗುತ್ತಾನೆ. ಈ ಪುಸ್ತಕದಲ್ಲಿ ಹಾಗೆ ಕೀಳಲು ಹೋದರೆ ಸಾಕ್ಷ್ಯವೂ ಕಿತ್ತು ಬರುತ್ತದೆ. ಇಷ್ಟು ವರ್ಷಗಳಾದರೂ ಇದನ್ನು ಮೊದಲು ಓದಿ ಎಂದು ಹೇಳುವುದಕ್ಕೆ ಅದೇ ಕಾರಣ.

ಗಡಿಯಾರದ ಪ್ರಸಂಗವನ್ನೇ ನೋಡಿ. ಮೇಜಿನ ಮೇಲಿನ ಗಡಿಯಾರ ಮಗುಚಿ ಬಿದ್ದು 6.22ಕ್ಕೆ ನಿಂತಿದೆ. ಕರ್ನಲ್ ಬರೆಯುತ್ತಿದ್ದ ಚೀಟಿಯ ತಲೆಯಲ್ಲಿ 6.20 ಎಂದಿದೆ. ಇನ್ನು ಕಾಯಲಾರೆ ಎಂದು ಶುರುವಾದ ವಾಕ್ಯ ನಡುವೆಯೇ ಗೀಚಾಗಿ ನಿಂತಿದೆ. ಇನ್‌ಸ್ಪೆಕ್ಟರ್ ಸ್ಲ್ಯಾಕ್‌ಗೆ ಅಷ್ಟು ಸಾಕು, ಕೊಲೆಯ ಹೊತ್ತು ಸಿಕ್ಕಿತು. ಆದರೆ ಆ ಗಡಿಯಾರವನ್ನು ಪಾದ್ರಿಯ ಮನೆಯಲ್ಲಿ ಬೇಕೆಂದೇ ಕಾಲು ಗಂಟೆ ಮುಂದಿಟ್ಟಿರುತ್ತಾರೆ, ಪಾದ್ರಿ ಎಲ್ಲ ಕಡೆ ತಡವಾಗಿ ಹೋಗುತ್ತಾನೆಂದು. ಇದನ್ನು ಹೇಳಲು ಪಾದ್ರಿ ಬಾಯಿ ತೆರೆದಾಗಲೆಲ್ಲ ಸ್ಲ್ಯಾಕ್ ಅವನನ್ನು ತಡೆಯುತ್ತಾನೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎನ್ನುವ ಧಾಟಿ. ಕೊನೆಗೆ ಪಾದ್ರಿಯೂ ಸಾಕಾಗಿ ಸುಮ್ಮನಾಗುತ್ತಾನೆ. ಓದುವಾಗ ನಗು ಬರುತ್ತದೆ. ಪುಟ ತಿರುಗಿಸಿದ ಮೇಲೆ ತಿಳಿಯುತ್ತದೆ, ಆ ನಗುವಿನೊಳಗೆ 15 ನಿಮಿಷದ ಲೆಕ್ಕ ಕುಳಿತಿದೆ ಎಂದು. ಗಡಿಯಾರ ಹೇಳುವುದು ನಿಜವಾದರೆ ಸರಿಯಾದ ಹೊತ್ತು 6.07. ಹಾಗಾದರೆ ಚೀಟಿಯಲ್ಲಿ 6.20 ಹೇಗೆ ಬಂತು? ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ, ಅಥವಾ ಎರಡೂ. ಕಾದಂಬರಿಯ ಅರ್ಧ ತಲೆನೋವು ಇದರಿಂದಲೇ ಹುಟ್ಟುತ್ತದೆ.

ಅಡುಗೆಯ ಮೇರಿಯೂ ಹಾಗೆಯೇ. ಅವಳ ಅಡುಗೆ ಬಾಯಿಗಿಡಲಾಗದು, ತಟ್ಟೆಯನ್ನು ಮೇಜಿಗೆ ಕುಕ್ಕುತ್ತಾಳೆ. ಅವಳನ್ನು ತಿದ್ದಬಾರದೇ ಎಂದರೆ ಪಾದ್ರಿಯ ಹೆಂಡತಿ ಗ್ರಿಸೆಲ್ಡಾಳ ವಾದ ಬೇರೆ. ಅಡುಗೆ ಕಲಿತರೆ ಹೆಚ್ಚು ಸಂಬಳ ಕೊಡುವವರು ಕರೆದುಕೊಂಡು ಹೋಗುತ್ತಾರೆ, ಕಲಿಯದಿದ್ದರೆ ನಮ್ಮಲ್ಲೇ ಇರುತ್ತಾಳೆ! ಈ ಒಂದು ಮಾತಿನಲ್ಲಿ ಆ ಮನೆಯ ಹಣಕಾಸು, ಗಂಡನಿಗಿಂತ ಬಹಳ ಚಿಕ್ಕವಳಾದ ಗ್ರಿಸೆಲ್ಡಾಳ ಸ್ವಭಾವ, ಕೆಲಸದವಳ ಮಟ್ಟಿಗೆ ಆ ಮನೆಯ ಅಸಡ್ಡೆ ಎಲ್ಲ ಬಂದುಬಿಡುತ್ತವೆ. ಆ ಸಂಜೆ ಕರ್ನಲ್‌ನನ್ನು ಒಳಗೆ ಬಿಟ್ಟವಳು ಮೇರಿ. ಅವಳು ಏನನ್ನು ಗಮನಿಸುತ್ತಾಳೆ, ಏನನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದು ತನಿಖೆಗೆ ಬೇಕಾಗುತ್ತದೆ. ನಕ್ಕು ಮುಂದೆ ಹೋದವರು ಅಲ್ಲಿ ಎಡವುತ್ತಾರೆ.

ಪಕ್ಕದ ಮನೆಯೇ ಮಿಸ್ ಮಾರ್ಪಲ್‌ಳದು. ಸದಾ ತೋಟದಲ್ಲಿ ಕಳೆ ಕೀಳುತ್ತಿರುತ್ತಾಳೆ, ಹಕ್ಕಿ ನೋಡಲು ಒಳ್ಳೆಯ ದುರ್ಬೀನು ಇಟ್ಟುಕೊಂಡಿದ್ದಾಳೆ. ತೋಟದ ಕೆಲಸ ಒಳ್ಳೆಯ ಮರೆ ಎಂದು ಪಾದ್ರಿ ಮೊದಲೇ ಹೇಳಿಬಿಡುತ್ತಾನೆ. ಗ್ರಿಸೆಲ್ಡಾ ಅವಳನ್ನು ಊರಿನ ಎಲ್ಲರಿಗಿಂತ ಕೆಟ್ಟ ಬಾಯಿಯವಳೆಂದು ಬೈದರೆ, ಪಾದ್ರಿಗೆ ಅವಳು ಹಿಡಿಸುತ್ತಾಳೆ, ಅವಳಿಗೆ ಹಾಸ್ಯಪ್ರಜ್ಞೆಯಾದರೂ ಇದೆಯೆಂದು. ಮುಂದಿನ ಕಾದಂಬರಿಗಳ ಮೃದು ಅಜ್ಜಿಯನ್ನು ನಿರೀಕ್ಷಿಸಿ ಬಂದವರಿಗೆ ಈ ಮಾರ್ಪಲ್ ಚೂಪೆನಿಸುತ್ತಾಳೆ. ನನಗೆ ಈ ಚೂಪು ಮಾರ್ಪಲ್‌ಳೇ ಇಷ್ಟ.

ಅವಳ ತನಿಖೆಯ ದಾರಿ ಸರಳ. ಊರಿನಲ್ಲಿ ಹಿಂದೆ ನಡೆದ ಒಂದು ಸಣ್ಣ ಕಳ್ಳತನ, ಒಂದು ಸುಳ್ಳು, ಒಂದು ನಾಚಿಕೆಗೇಡು ನೆನಪಿಸಿಕೊಳ್ಳುತ್ತಾಳೆ. ಎದುರಿಗಿರುವವರು ಆ ಹಳೆಯ ಮನುಷ್ಯನ ಯಾವ ಗುಣವನ್ನು ಹೋಲುತ್ತಾರೆ ಎಂದು ನೋಡುತ್ತಾಳೆ. ಇದಿಷ್ಟೇ ಆಗಿದ್ದರೆ ಊಹೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಅದರ ಜೊತೆಗೆ ಕಣ್ಣಾರೆ ಕಂಡ ಸಂಗತಿಗಳಿವೆ: ಬೇಲಿಯ ಪಕ್ಕದ ದಾರಿಯಲ್ಲಿ ಯಾರು ಯಾವಾಗ ಹೋದರು, ಅವರ ಕೈಯಲ್ಲಿ ಚೀಲ ಇತ್ತೋ ಇಲ್ಲವೋ, ಹಾಕಿದ್ದ ಬಟ್ಟೆಯಲ್ಲಿ ಪಿಸ್ತೂಲು ಬಚ್ಚಿಡಲು ಜಾಗವಿತ್ತೋ ಇಲ್ಲವೋ. ಪೊಲೀಸರಿಗೆ ಅವಳು ಹೇಳುವುದು ಬರೀ ಹರಟೆಯಂತೆ ಕೇಳಿಸುತ್ತದೆ. ಹವ್ಯಾಸಿ ಪತ್ತೇದಾರಿಗೆ ಅಧಿಕಾರವಿಲ್ಲ, ಪ್ರಯೋಗಾಲಯವಿಲ್ಲ, ಯಾರನ್ನೂ ಕರೆಸಿ ಕೇಳುವಂತಿಲ್ಲ. ಹಾಗಿರುವಾಗ ಅವಳಿಗೆ ಮಾಹಿತಿ ಬರುವ ದಾರಿ ನಂಬುವಂತಿರಬೇಕು. ಈ ಬಗೆಯ ಬಹಳ ಪುಸ್ತಕಗಳು ಸೋಲುವುದು ಇಲ್ಲಿಯೇ. ಇನ್‌ಸ್ಪೆಕ್ಟರ್ ಕಾರಣವಿಲ್ಲದೆ ಕಡತ ತೋರಿಸಿಬಿಡುತ್ತಾನೆ, ಶಂಕಿತರು ಬಾಗಿಲಿಗೇ ಬಂದು ಗುಟ್ಟು ಹೇಳುತ್ತಾರೆ. ಕ್ರಿಸ್ಟಿ ಇದನ್ನು ಬಿಡಿಸಿದ್ದು ನಿರೂಪಕನ ಆಯ್ಕೆಯಿಂದ. ಪಾದ್ರಿಯ ಬಳಿ ಎಲ್ಲರೂ ಬರುತ್ತಾರೆ, ಮನಸ್ಸು ಬಿಚ್ಚುತ್ತಾರೆ, ಕೊಲೆ ನಡೆದದ್ದೂ ಅವನ ಮನೆಯಲ್ಲೇ. ಅವನಿಗೆ ಸಿಕ್ಕಿದ್ದು ಬೇಲಿ ದಾಟಿ ಮಾರ್ಪಲ್‌ಗೆ ಹೋಗುವುದು ಸಹಜ.

ಕೊರತೆಗಳೂ ಇವೆ. ದೊಡ್ಡದು ನಡುಭಾಗದ ನೂಕುನುಗ್ಗಲು. ಸಮಾಧಿ ದಿಬ್ಬ ಅಗೆಯುವ ಪುರಾತತ್ತ್ವಜ್ಞ, ಅವನ ಸಹಾಯಕಿ, ಊರಿಗೆ ಹೊಸದಾಗಿ ಬಂದ ನಿಗೂಢ ಹೆಂಗಸು, ಚರ್ಚಿನ ಕಾಣಿಕೆಯಲ್ಲಿ ಲೆಕ್ಕಕ್ಕೆ ಸಿಗದ ಒಂದು ಪೌಂಡ್ ನೋಟು, ಕಳ್ಳಬೇಟೆಗಾರ, ಪಾದ್ರಿಯ ತೋಟದ ಶೆಡ್ಡಿನಲ್ಲಿ ಚಿತ್ರ ಬರೆಯುವ ಕಲಾವಿದ, ಇದರ ಮೇಲೆ ಸುಳ್ಳು ಫೋನ್ ಕರೆ. ಎಲ್ಲಕ್ಕೂ ಕೊನೆಗೆ ಉತ್ತರ ಸಿಗುತ್ತದೆ, ಆದರೆ ಒಂದೆರಡು ಎಳೆಗಳನ್ನು ಬಿಟ್ಟಿದ್ದರೆ ಕಥೆ ಇನ್ನೂ ಬಿಗಿಯಾಗುತ್ತಿತ್ತು. ಪಾತ್ರಗಳೂ ಉಪಕಥೆಗಳೂ ಹೆಚ್ಚಾದವೆಂದು ಕ್ರಿಸ್ಟಿಯೇ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ, ಮುಖ್ಯ ಕಥೆ ಗಟ್ಟಿ ಎಂದೂ ಹೇಳಿದ್ದಾರೆ. ಎರಡೂ ಸರಿ.

ಇನ್ನೊಂದು ಕೊರತೆ ಮುಕ್ತಾಯದ್ದು. ಮಾರ್ಪಲ್ ಕಟ್ಟಿಕೊಡುವ ವಿವರಣೆ ಎಲ್ಲ ಸಂಗತಿಗೂ ಹೊಂದುತ್ತದೆ, ಆದರೆ ನ್ಯಾಯಾಲಯದಲ್ಲಿ ನಿಲ್ಲುವ ಪುರಾವೆ ಅವಳ ಕೈಯಲ್ಲಿಲ್ಲ. ಹಾಗಾಗಿ ಕೊಲೆಗಾರನಿಗೆ ಬಲೆ ಬೀಸಬೇಕಾಗುತ್ತದೆ. ಹವ್ಯಾಸಿ ಪತ್ತೇದಾರಿಯ ಕಥೆಗಳಲ್ಲಿ ಇದು ಹಳೆಯ ತೊಡಕು. ಇಲ್ಲಿ ಬಲೆ ಚೆನ್ನಾಗಿಯೇ ಇದೆ, ಆದರೂ ಅಷ್ಟು ಹೊತ್ತು ಜೋಡಿಸಿದ ತರ್ಕದ ಮುಂದೆ ಅದು ತುಸು ಅವಸರದ್ದು.

ಓದುವ ಕ್ರಮದ ಬಗ್ಗೆ ಸ್ವಲ್ಪ. ಒಂದು ಹಾಳೆ ಪಕ್ಕದಲ್ಲಿರಲಿ. ಮೂರು ಸಾಲು ಎಳೆಯಿರಿ: ಯಾರು, ಎಷ್ಟು ಹೊತ್ತಿಗೆ ಎಲ್ಲಿ, ಅದನ್ನು ಹೇಳಿದವರು ಯಾರು. ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ, ಆಟವೆಲ್ಲ ಇರುವುದು ಅಲ್ಲಿಯೇ. ಗುಂಡಿನ ಸದ್ದು ಕೇಳಿತು ಎಂದು ಯಾರಾದರೂ ಹೇಳಿದಾಗ ಎಲ್ಲಿಂದ ಕೇಳಿತು, ಆಗ ಎಷ್ಟು ಗಂಟೆ ಎಂಬುದನ್ನು ಬೇರೆ ಬೇರೆ ಬರೆದಿಡಿ. ಕಾಡಿನಲ್ಲಿ ಬೇಟೆ ಸಾಮಾನ್ಯವಾದ ಊರಿನಲ್ಲಿ ಗುಂಡಿನ ಸದ್ದಿಗೆ ಯಾರೂ ತಲೆಯೆತ್ತುವುದಿಲ್ಲ. ಕೋಣೆಗೆ ತೋಟದ ಕಡೆಯಿಂದ ಒಳಬರುವ ಕಿಟಕಿ-ಬಾಗಿಲು ಇದೆ ಎಂಬುದೂ ನೆನಪಿರಲಿ. ಪುಸ್ತಕದಲ್ಲಿ ಊರಿನ, ಕೋಣೆಯ ನಕ್ಷೆಗಳಿವೆ. ಅವುಗಳನ್ನು ಉಳಿಸಿಕೊಂಡ ಮುದ್ರಣವನ್ನೇ ಆರಿಸಿ. ಫೋನಿನ ಸಣ್ಣ ಪರದೆಯಲ್ಲಿ ಅವುಗಳ ಅಕ್ಷರ ಓದುವುದು ಕಷ್ಟ, ಹಾಗಾಗಿ ಇದನ್ನು ಕಾಗದದ ಪ್ರತಿಯಲ್ಲಿ ಓದುವುದು ಮೇಲು. ಆಡಿಯೊ ಪುಸ್ತಕವಾದರೆ ಪಾದ್ರಿಯ ದನಿ ಸೊಗಸಾಗಿ ಬರುತ್ತದೆ, ಹೊತ್ತುಗಳ ಲೆಕ್ಕ ಮಾತ್ರ ಕೈತಪ್ಪುತ್ತದೆ.

ಇಂಗ್ಲಿಷ್ ಕಷ್ಟವಲ್ಲ, ವಾಕ್ಯಗಳು ಚಿಕ್ಕವು. ತೊಡರುವುದು ಚರ್ಚಿನ ಪದಗಳು. ವಿಕರೇಜ್ ಎಂದರೆ ಪಾದ್ರಿಯ ಮನೆ, ಕ್ಯುರೇಟ್ ಅವನ ಸಹಾಯಕ. ಚರ್ಚ್‌ವಾರ್ಡನ್ ಚರ್ಚಿನ ಆಡಳಿತ ನೋಡಿಕೊಳ್ಳುವ ಊರಿನ ಪ್ರಮುಖ. ಕರ್ನಲ್ ಚರ್ಚ್‌ವಾರ್ಡನ್ನೂ ಹೌದು, ಮ್ಯಾಜಿಸ್ಟ್ರೇಟನೂ ಹೌದು. ಲೆಕ್ಕ ಕೆದಕುವ ಹಕ್ಕೂ ಶಿಕ್ಷೆ ಕೊಡುವ ಅಧಿಕಾರವೂ ಒಬ್ಬನಲ್ಲೇ ಸೇರಿರುವುದರಿಂದ ಅವನಿಗೆ ಇಷ್ಟು ಶತ್ರುಗಳು. ಇದು ತಿಳಿದಿದ್ದರೆ ಮೊದಲ ಅಧ್ಯಾಯಗಳು ಸಲೀಸು.

ಟಿವಿ ರೂಪಗಳಲ್ಲಿ ಜೋನ್ ಹಿಕ್ಸನ್ ನಟಿಸಿದ 1986ರದ್ದು, ಜೆರಾಲ್ಡಿನ್ ಮೆಕ್ಎವನ್ ನಟಿಸಿದ 2004ರದ್ದು ಎರಡೂ ನೋಡುವಂಥವೇ. ಆದರೆ ಪುಸ್ತಕಕ್ಕೆ ಮೊದಲು ಬೇಡ. ಕೊಲೆಗಾರ ಯಾರೆಂದು ತಿಳಿದುಹೋಗುವುದು ಒಂದು ನಷ್ಟ. ಪಾದ್ರಿ ತನ್ನೊಳಗೇ ಹೇಳಿಕೊಳ್ಳುವ ಮಾತುಗಳು ಕ್ಯಾಮೆರಾಕ್ಕೆ ಸಿಗುವುದಿಲ್ಲ, ಅವುಗಳ ಜೊತೆ ಹಾಸ್ಯದ ದೊಡ್ಡ ಪಾಲೂ ಹೋಗುತ್ತದೆ.

ರಕ್ತ, ಓಟ, ಬೆನ್ನಟ್ಟುವಿಕೆ ಬೇಕಾದವರಿಗೆ ಇದು ಹಿಡಿಸದು. ಹೆಸರುಗಳ ಸಂತೆ ತಡೆಯದು ಎನ್ನುವವರು 1932ರ ‘ದಿ ಥರ್ಟೀನ್ ಪ್ರಾಬ್ಲೆಮ್ಸ್’ ಸಂಕಲನದಿಂದ ಶುರುಮಾಡಬಹುದು. ಪ್ರತಿ ಕಥೆಯೂ ಒಂದೇ ಕೂತಲ್ಲಿ ಮುಗಿಯುತ್ತದೆ. ಈ ಕಾದಂಬರಿ ಮುಗಿಸಿದವರಿಗೆ ಮುಂದಿನದು 1942ರ ‘ದಿ ಬಾಡಿ ಇನ್ ದ ಲೈಬ್ರರಿ’, ಮಾರ್ಪಲ್‌ಳ ಎರಡನೆಯ ಕಾದಂಬರಿ. ನಡುವೆ 12 ವರ್ಷದ ಅಂತರವಿದ್ದರೂ ಊರು ಅದೇ, ಗ್ರಿಸೆಲ್ಡಾ ಅಲ್ಲೂ ಬರುತ್ತಾಳೆ, ಸ್ಲ್ಯಾಕ್ ಅಲ್ಲೂ ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ.