ಕಲ್ಯಾಣ ಮಂಟಪದಲ್ಲಿ ಅವ್ವ ಜಾರಿ ಬಿದ್ಲು, ಕೇಸು ಸೋತಿದ್ದು ನಾವು

ಮತ್ತೆ ಮದುವೆ ಸೀಸನ್ ಬಂತು, ದಾವಣಗೆರೆಯಲ್ಲಿ ಯಾವ ಮಂಟಪಕ್ಕೆ ಹೋದ್ರೂ ಕೈ ತೊಳೆಯೋ ಜಾಗ ನೋಡಿದ್ರೆ ನಂಗೆ ಹೊಟ್ಟೆ ಕಿವುಚ್ತದೆ, ಅದಕ್ಕೇ ಇದನ್ನ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಓದ್ಕೊಳ್ರಿ.

2022ರ ಮೇ ತಿಂಗಳು, ತಂಗಿ ಮದುವೆ. ಮಂಟಪದ ಹೆಸರು ಬೇಡ, ಎರಡು ದಿನಕ್ಕೆ 90 ಸಾವಿರ ಬಾಡಿಗೆ, ರಸೀದಿ ಅಪ್ಪಾಜಿ ಹೆಸರಲ್ಲಿ. ಅಕ್ಕಿಕಾಳು ಬಿದ್ದು ಮೊದಲ್ನೇ ಪಂಕ್ತಿ ಎದ್ದಿತ್ತು, ಅವ್ವ ಬೀಗರನ್ನ ಊಟಕ್ಕೆ ಕೂರಿಸಿ ಕೈ ತೊಳೆಯೋಕೆ ಅಂತ ಹೋದ್ಲು, ಅಲ್ಲಿ ಪಾಲಿಶ್ ಮಾಡಿದ ಗ್ರಾನೈಟು, ಅದರ ಮೇಲೆ ನೀರು, ನೀರಿನ ಮೇಲೆ ಸಾರಿನ ಜಿಡ್ಡು, ಒಂದು ಮ್ಯಾಟ್ ಇಲ್ಲ ಗೋಣಿಚೀಲನೂ ಇಲ್ಲ, ಧಡ್ ಅಂತ ಬಿದ್ಲು. ಎದ್ದೇಳೋಕೆ ಆಗ್ಲಿಲ್ಲ. ತೊಡೆ ಮೂಳೆ ಸೊಂಟದ ಹತ್ರ ಮುರಿದಿತ್ತು, ಆಪರೇಷನ್ ಮಾಡಿ ರಾಡ್ ಹಾಕಿದ್ರು, ಎಲ್ಲ ಸೇರಿ ಒಂದು ಲಕ್ಷದ ಎಂಬತ್ತು ಸಾವಿರ. ಅವತ್ತಿಂದ ವಾಕರ್ ಇಲ್ಲದೆ ಅವಳು ಹೊರಗೆ ಹೋಗಿಲ್ಲ.

ನಮ್ಮ ಮೊದಲ್ನೇ ತಪ್ಪು ಆಗಿದ್ದು ಆಸ್ಪತ್ರೆ ಬಾಗಿಲಲ್ಲೇ. ಕ್ಯಾಶುಯಾಲ್ಟಿಲಿ ಡ್ಯೂಟಿ ಡಾಕ್ಟ್ರು "ಎಲ್ಲಿ ಬಿದ್ರು?" ಅಂತ ಕೇಳಿದ್ರು, ನಮ್ಮ ದೊಡ್ಡಪ್ಪನ ಮಗ ಮುಂದೆ ನಿಂತಿದ್ದವನು "ಮನೇಲಿ ಸಾರ್" ಅಂದ. ಆಮೇಲೆ ಕೇಳಿದ್ರೆ, ಮಂಟಪ ಅಂದ್ರೆ ಎಂಎಲ್‌ಸಿ (ಪೊಲೀಸ್ರಿಗೆ ತಿಳಿಸ್ಬೇಕಾದ ಕೇಸು ಅಂತ ಆಸ್ಪತ್ರೆ ದಾಖಲೆ) ಮಾಡ್ತಾರೆ, ಪೊಲೀಸ್ರು ಬರ್ತಾರೆ, ಮದುವೆ ಮನೆ ಯಾಕೆ ಸುಮ್ನೆ ಅಂತ ಹೇಳಿದ್ನಂತೆ. ಅವನನ್ನ ಬೈಯೋಕೂ ಆಗಲ್ಲ, ಆವತ್ತು ನಾನಿದ್ರೂ ಅದನ್ನೇ ಹೇಳ್ತಿದ್ನೇನೋ. ಆದ್ರೆ ಆ ಒಂದು ಪದ ಕೇಸ್ ಶೀಟಲ್ಲಿ ಕೂತ್ಕೊಂಡ್ತು. ಆಮೇಲೆ ಕೇಸು ನಡೀವಾಗ ಎದುರು ಪಾರ್ಟಿ ವಕೀಲರು ಅದನ್ನೇ ಓದಿ "ಇವರೇ ಬರೆಸಿರೋದು, ಮನೇಲಿ ಬಿದ್ದಿದ್ದು ಅಂತ" ಅಂದಾಗ ನಂಗೆ ಬಾಯೇ ಬರ್ಲಿಲ್ಲ.

ಮಂಟಪದವರು ಖರ್ಚಲ್ಲಿ ಅರ್ಧನಾದ್ರೂ ಕೊಡ್ತಾರೆ ಅಂತ ಏಳೆಂಟು ತಿಂಗಳು ಅಲೆದ್ವಿ. ಮ್ಯಾನೇಜರ್ "ಅಡುಗೆ ಕಾಂಟ್ರಾಕ್ಟ್‌ನೋರು ನೀರು ಚೆಲ್ಲಿದ್ದು, ಅವರ್ನ ಕೇಳ್ರಿ" ಅಂತಾನೆ, ಅಡುಗೆಯವರು "ಇಳಿಜಾರು ಕಟ್ಟಿದ್ದು ನಾವೇನ್ರೀ?" ಅಂತಾರೆ. ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹಾಕಿದ್ವಿ. ಎರಡು ವರ್ಷದ ಒಳಗೆ ಹಾಕ್ಬೇಕು, ನಾವು ಹಾಕಿದ್ವಿ, ಕೊಟ್ಟ ಹಣ 5 ಲಕ್ಷದ ಒಳಗಿದ್ರೆ ಫೀಸೂ ಇಲ್ಲ. 2019ರ ಗ್ರಾಹಕ ಕಾಯ್ದೇಲಿ ಸೇವಾ ನ್ಯೂನತೆ, ಅಂದ್ರೆ ದುಡ್ಡು ಕೊಟ್ಟು ಪಡೆದ ಸೇವೇಲಿ ಕೊರತೆ, ಅನ್ನೋದ್ರಲ್ಲಿ ನಿರ್ಲಕ್ಷ್ಯನೂ ಸೇರುತ್ತೆ. ಇಷ್ಟಾದ್ರೆ ಗೆದ್ದಂಗೆ ಅಂದ್ಕೊಂಡಿದ್ದೆ. ಮೂಳೆ ಮುರಿದ ಎಕ್ಸ್‌ರೇ ಐತೆ, ಬಿಲ್ ಐತೆ, ಇನ್ನೇನು ಬೇಕು?

ಬೇಕಿತ್ತು. ನಮ್ಮ ವಕೀಲರು ನಂಗೆ ಬಿಡಿಸಿ ಹೇಳಿದ್ದು ಕೇಸು ಅರ್ಧ ನಡೆದ್ಮೇಲೆ, ಅದೂ ನಾನು ಕೇಳಿದ್ದಕ್ಕೆ. ದುಡ್ಡು ತಗೊಂಡು ಜಾಗ ಕೊಟ್ಟವರಿಗೆ ಬಂದ ಜನರ ಬಗ್ಗೆ ಜವಾಬ್ದಾರಿ ಇರುತ್ತೆ, ಅದನ್ನ ಅವರೂ ಅಲ್ಲ ಅನ್ನಲ್ಲ. ಅವ್ವಂಗೆ ಪೆಟ್ಟಾಗಿದ್ದೂ ಸುಳ್ಳಲ್ಲ. ಆದ್ರೆ ಮಧ್ಯದಲ್ಲಿ ಒಂದು ಕೊಂಡಿ ಇದೆ, ಸಾಧಾರಣ ಎಚ್ಚರ ಇರೋ ಮಂಟಪದವನು ಆ ಜಾಗದಲ್ಲಿ ಏನ್ ಮಾಡ್ತಿದ್ದ, ಇವನು ಏನ್ ಮಾಡ್ಲಿಲ್ಲ, ಅದನ್ನ ತೋರಿಸ್ಬೇಕಾದೋರು ನಾವು. ಪೂರ್ತಿ ಸಂಶಯ ಇಲ್ದಂಗೆ ಅಲ್ಲ, ಅದು ಕ್ರಿಮಿನಲ್ ಕೇಸಿಗೆ, ಇಲ್ಲಿ ನಮ್ಮ ಮಾತು ಹೆಚ್ಚು ನಂಬೋ ಹಂಗಿದ್ರೆ ಸಾಕು. ಆದ್ರೂ ಬರೀ ಮಾತಲ್ಲಿ ಆಗಲ್ಲ.

ನಾನು ಕೇಳ್ದೆ, ಬಿದ್ದಿದ್ದೇ ಸಾಕ್ಷಿ ಅಲ್ವಾ ಸಾರ್ ಅಂತ. ಅದಕ್ಕವರು ದೆಹಲಿ ಚಾಂದನಿ ಚೌಕದ ಗಡಿಯಾರ ಗೋಪುರದ ಕೇಸ್ ಹೇಳಿದ್ರು, 80 ವರ್ಷ ಹಳೇದು, ಆ ಗಾರೆಗೆ ಆಯಸ್ಸು 40-45 ವರ್ಷ ಮಾತ್ರ, ಬಿದ್ದು ಜನ ಸತ್ರು, 1966ರಲ್ಲಿ ಸುಪ್ರೀಂ ಕೋರ್ಟು ಗೋಪುರ ಬಿದ್ದಿದ್ದೇ ಮಾತಾಡ್ತದೆ ಅಂತ ಮುನ್ಸಿಪಾಲ್ಟಿ ಮೇಲೇ ಹೊರಿಸಿತು. "ಆದ್ರೆ ಗೋಪುರ ತಾನಾಗೇ ಬೀಳಲ್ಲ, ಮನುಷ್ಯರು ಬೀಳ್ತಾರೆ, ಹೊಸ ಚಪ್ಲಿ ಹಾಕಿದ್ರೂ ಬೀಳ್ತಾರೆ" ಅಂದ್ರು. ಅವ್ವ ಆವತ್ತು ಹಾಕಿದ್ದು ಹೊಸ ಚಪ್ಲಿನೇ, ಎದುರು ಪಾರ್ಟಿಯವರೂ ಅದನ್ನೇ ಬರೆದ್ರು.

ಇನ್ನೊಂದು ಕೇಸು ಹೇಳಿದ್ರು ನೋಡ್ರಿ, ಅದು ಕೇಳಿ ನಂಗೆ ಇನ್ನೂ ಉರೀತು. ಇಂಗ್ಲೆಂಡಲ್ಲಿ ಟೆಸ್ಕೊ ಅಂಗಡೀಲಿ ಒಬ್ಬ ಹೆಂಗಸು ನೆಲಕ್ಕೆ ಚೆಲ್ಲಿದ್ದ ಯೋಗರ್ಟ್ ಮೇಲೆ ಜಾರಿ ಬಿದ್ಲು, ಮೂರು ವಾರ ಆದ್ಮೇಲೆ ಅದೇ ಅಂಗಡಿಗೆ ಹೋದಾಗ ಜ್ಯೂಸ್ ಚೆಲ್ಲಿ ಕಾಲು ಗಂಟೆ ಆದ್ರೂ ಯಾರೂ ಒರೆಸ್ಲಿಲ್ಲ, ಅದನ್ನ ನೋಡಿ ಕೋರ್ಟಲ್ಲಿ ಹೇಳಿದ್ಲು. 1976ರಲ್ಲಿ ಗೆದ್ಲು. ಅಂಗಡಿಯವರೇ ತಮ್ಮ ಕ್ಲೀನಿಂಗ್ ಸರಿ ಇತ್ತು ಅಂತ ತೋರಿಸ್ಲಿ ಅಂತ ಆಯ್ತು. ಅಲ್ಲಿನ ತೀರ್ಪು ನಮ್ಮ ಕೋರ್ಟಿಗೆ ಕಟ್ಟುಪಾಡಲ್ಲ, ಆದ್ರೆ ದಾರಿ ಅದು. ಅವ್ವ ಬಿದ್ದ ಮುಂದಿನ ವಾರವೇ ನಾನು ಅದೇ ಮಂಟಪದಲ್ಲಿ ಬೇರೆಯವರ ಮದುವೆ ಊಟಕ್ಕೆ ಹೋಗಿ ಅಲ್ಲೇ ಹತ್ತು ನಿಮಿಷ ನಿಂತು ವಿಡಿಯೋ ಮಾಡಿದ್ರೆ ಸಾಕಿತ್ತು. ಮಾಡ್ಲಿಲ್ಲ. ಬಿದ್ದ ದಿನದ ಆ ನೆಲದ್ದೇ ಒಂದು ಫೋಟೋ ಇಲ್ಲ ನಮ್ಮತ್ರ, ಫೋಟೋಗ್ರಾಫರ್ ತೆಗೆದಿದ್ದು ಎರಡು ಸಾವಿರ ಫೋಟೋ, ಎಲ್ಲದ್ರಲ್ಲೂ ಜನ ನಗ್ತಿದಾರೆ.

ಸಿಸಿ ಕ್ಯಾಮೆರಾ ಸರಿಯಾಗಿ ಆ ಬಾಗಿಲ ಮೇಲೇ ಇತ್ತು. ಬಾಯಲ್ಲಿ ಕೇಳಿದ್ವಿ, "ಕೊಡೋಣ ಬಿಡ್ರಿ" ಅಂದ್ರು. ನೋಟಿಸ್ ಕೊಡೋ ಹೊತ್ತಿಗೆ ಹಳೇದೆಲ್ಲ ಅಳಿಸಿ ಹೋಗೈತೆ ಅಂದ್ರು. ಅವತ್ತೇ ಮ್ಯಾನೇಜರ್‌ಗೆ ಒಂದು ವಾಟ್ಸಾಪ್ ಹಾಕಿ, ಇಷ್ಟು ಗಂಟೆಗೆ ಇಲ್ಲಿ ಹಿಂಗಾಯ್ತು, ಆ ಕ್ಯಾಮೆರಾ ರೆಕಾರ್ಡಿಂಗ್ ಅಳಿಸ್ಬೇಡ್ರಿ ಅಂತ ಬರೆದಿದ್ರೆ, ಅಳಿಸಿದ್ದನ್ನೇ ಅವರ ವಿರುದ್ಧ ಕೇಳಬಹುದಿತ್ತಂತೆ. ಅವರು ಮಾತ್ರ ಅರ್ಧ ಗಂಟೆಗೊಮ್ಮೆ ಒರೆಸಿದ್ದು ಅಂತ ಒಂದು ರಿಜಿಸ್ಟರ್ ತಂದು ಕೊಟ್ರು, ಇಡೀ ದಿನದ್ದು ಒಂದೇ ಪೆನ್ನು, ಒಂದೇ ಕೈ. ಅನುಮಾನ ಪಡಬಹುದು, ಸುಳ್ಳು ಅಂತ ತೋರಿಸೋಕೆ ನಮ್ಮ ಹತ್ರ ಏನಿತ್ತು?

ಇತ್ತು, ಒಂದಿತ್ತು. ಬೆಳಿಗ್ಗೆ ತಿಂಡಿ ಹೊತ್ತಲ್ಲೇ ಅದೇ ಜಾಗದಲ್ಲಿ ಒಂದು ಮಗು ಜಾರಿತ್ತು, ನಮ್ಮ ಹರಿಹರದ ಮಾವ ಮ್ಯಾನೇಜರ್ ಹತ್ರ ಹೋಗಿ ಹೇಳಿದ್ರು, "ಹುಡುಗ್ರನ್ನ ಕಳಿಸ್ತೀನಿ" ಅಂದಿದ್ನಂತೆ. ಗೊತ್ತಿದ್ದೂ ಬಿಟ್ಟ ಅನ್ನೋಕೆ ಇದಕ್ಕಿಂತ ಗಟ್ಟಿ ಬೇಕಾ ಅಂತ ವಕೀಲ್ರಿಗೂ ಖುಷಿ. ಅಫಿಡವಿಟ್‌ಗೆ ಸಹಿ ಹಾಕ್ರಿ ಮಾವ ಅಂದ್ರೆ ಅವರು ನೆಲ ನೋಡಿದ್ರು. ಅಷ್ಟೊತ್ತಿಗೆ ಅವರ ಮಗಳ ಮದುವೆಗೆ ಅದೇ ಮಂಟಪ ಬುಕ್ ಆಗಿತ್ತು.

ಆರ್ಡರ್ 2024ರ ಫೆಬ್ರವರಿಗೆ ಬಂತು, ಬಿದ್ದ ಜಾಗವೂ ಸೇವಾ ನ್ಯೂನತೆಯೂ ಸಾಬೀತಾಗಿಲ್ಲ, ದೂರು ವಜಾ. ರಾಜ್ಯ ಆಯೋಗಕ್ಕೆ ಅಪೀಲು ಹೋಗೋಕೆ 45 ದಿನ ಇತ್ತು, ಅಪ್ಪಾಜಿ ಸಾಕು ಬಿಡಪ್ಪ ಅಂದ್ರು.

ಏಪ್ರಿಲ್ ಕೊನೆಗೆ ಮಾವನ ಮಗಳ ಮದುವೆಗೆ ಹೋದ್ವಿ, ಹೋಗದೆ ಇರೋಕಾಗುತ್ತಾ. ಕೈ ತೊಳೆಯೋ ಜಾಗದಲ್ಲಿ ಉದ್ದಕ್ಕೂ ರಬ್ಬರ್ ಮ್ಯಾಟು, ಹಳದಿ ಬೋರ್ಡು, ಮಾಪ್ ಹಿಡ್ಕೊಂಡು ಒಬ್ಬ ಹುಡುಗ. ನಾನು ಫೋನ್ ತೆಗೆದು ಫೋಟೋ ಹೊಡ್ಕೊಂಡೆ. ಅವ್ವ ವಾಕರ್ ಮ್ಯಾಟ್ ಮೇಲೆ ಊರಿ ಒಂದ್ಸಲ ಒತ್ತಿ ನೋಡಿ, "ಇದಕ್ಕೆ ಎಷ್ಟು ರೊಕ್ಕ ಆಗ್ತೈತೋ?" ಅಂದ್ಲು. ಆ ಹುಡುಗ "ಗೊತ್ತಿಲ್ಲ ಅಜ್ಜಿ, ಹುಷಾರು" ಅಂದ.