ಅನಿಮೇಷನ್‌ಗೆ ಸದ್ದು ಕೂರಿಸೋಕೆ ಯಾವ ಸಾಫ್ಟ್‌ವೇರು: ನಾನು ರೀಪರ್‌ಗೆ ಬಂದಿದ್ದು ಹೀಗೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ರೀಪರ್ ಕಡೆ, ಅಂದ್ರೆ ಕಂಪ್ಯೂಟರಲ್ಲಿ ಸದ್ದು, ಸಂಗೀತ ರೆಕಾರ್ಡ್ ಮಾಡಿ ಜೋಡಿಸೋ ಒಂದು ಸಾಫ್ಟ್‌ವೇರು. ಎಂಟು ಸಾವಿರ ಚಿಲ್ಲರೆ ಕೊಟ್ಟು ಬೇರೆ ಒಂದು ತಗೊಂಡು, ಅದು ನನ್ನ ಕೆಲಸಕ್ಕೆ ಆಗಲ್ಲ ಅಂತ ಎರಡು ತಿಂಗಳಾದ್ಮೇಲೆ ಗೊತ್ತಾಗಿ, ಆಮೇಲೆ ಇಲ್ಲಿಗೆ ಬಂದೋನು. ಆ ಮೊದಲನೇದರ ಹೆಸರು ಇಲ್ಲಿ ಹಾಕಲ್ಲ, ಹಾಡು ಮಾಡೋರಿಗೆ ಅದು ಚೆನ್ನಾಗೇ ಇದೆ.

ನನ್ನ ಕೆಲಸ ಏನಂದ್ರೆ, ಕ್ರೀಟಾ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರಲ್ಲಿ ಕೈಯಲ್ಲೇ ಚಿತ್ರ ಬಿಡಿಸಿ ಚಿಕ್ಕ ಚಿಕ್ಕ ಅನಿಮೇಷನ್ ಮಾಡೋದು, ಅದಕ್ಕೆ ಸದ್ದು, ಸಂಗೀತ ಎರಡೂ ನಾನೇ ಕೂರಿಸೋದು. ಈ ಸಲದ್ದು 70 ಸೆಕೆಂಡಿಂದು, ಶಿರಸಿ ಕಡೆ ಮಳೆಗಾಲದ ಗದ್ದೆ ಮೇಲೆ ಒಂದು ಬೆಳ್ಳಕ್ಕಿ ಹಾರ್ಕೊಂಡು ಬಂದು ಇಳಿಯುತ್ತೆ, ಅಷ್ಟೇ ಕತೆ. ಸೆಕೆಂಡಿಗೆ 24 ಫ್ರೇಮ್ ಅಂದ್ರೆ 1680 ಫ್ರೇಮು, ಎರಡು ಫ್ರೇಮಿಗೆ ಒಂದು ಚಿತ್ರ ಇಟ್ಟರೂ 840 ಚಿತ್ರ. ರೆಕ್ಕೆ ಸದ್ದಿಗೆ ಏನೇನೋ ಬಡಿದು ನೋಡಿದೆ, ಕೊನೆಗೆ ಕೈಗೆ ಬಂದಿದ್ದು ಅಡಿಕೆ ಹಾಳೆ. ಒಣಗಿದ್ದನ್ನ ಬೀಸಿದ್ರೆ ಫಟಫಟ ಅಂತ ಒರಟು, ರಾತ್ರಿ ನೀರಲ್ಲಿ ನೆನೆಸಿಟ್ಟು ಬೆಳಿಗ್ಗೆ ಮೈಕಿನ ಹತ್ರ ನಿಧಾನಕ್ಕೆ ಬೀಸಿದ್ರೆ ಗಾಳಿ ಸರಿಯೋ ಸದ್ದೂ ಬರುತ್ತೆ, ಕೊನೇಲಿ ಹಾಳೆ ಮಡಚೋವಾಗ ಒಂದು ಮೆತ್ತನೆ 'ಪಫ್' ಕೂಡ ಬರುತ್ತೆ. ಕಣ್ಣು ಮುಚ್ಕೊಂಡು ಕೇಳಿದ್ರೆ ಹಕ್ಕೀನೇ.

ಈಗ ಆ ಮೊದಲನೇ ಸಾಫ್ಟ್‌ವೇರಿನ ವಿಷಯ. ನಾನು ತಗೊಂಡಿದ್ದು ಅದರ ಕಡಿಮೆ ರೇಟಿನ ಎಡಿಷನ್, ಅದರಲ್ಲಿ ವಿಡಿಯೋ ತೆರೆಯೋಕೇ ಆಗಲ್ಲ. ವಿಡಿಯೋ ಬೇಕಂದ್ರೆ ಮೇಲಿನ ಎಡಿಷನ್ನು, ಅದರ ರೇಟು ನನ್ನ ಬಜೆಟ್ಟಿಗೆ ದೂರ. ಪರವಾಗಿಲ್ಲ ಅಂತ ಒಂದು ನೋಟ್‌ಬುಕ್ಕಲ್ಲಿ ಫ್ರೇಮ್ ನಂಬರ್ ಬರ್ಕೊಂಡು, 24ರಿಂದ ಭಾಗಿಸಿ ಸೆಕೆಂಡ್ ಮಾಡಿ, ಅಲ್ಲಿ ಸದ್ದು ಇಟ್ಟು, ಎಕ್ಸ್‌ಪೋರ್ಟ್ ಮಾಡಿ, ಕ್ರೀಟಾಗೆ ತಂದು ನೋಡಿ, ತಪ್ಪಿದ್ರೆ ವಾಪಸ್ ಹೋಗೋದು. ಒಂದು ರೆಕ್ಕೆ ಬಡಿತ ಸರಿ ಮಾಡೋಕೆ ಐದಾರು ಸಲ ಓಡಾಟ, ಮಧ್ಯದಲ್ಲಿ ಎರಡು ಚಿತ್ರ ಜಾಸ್ತಿ ಸೇರಿಸಿದ್ರೆ ನೋಟ್‌ಬುಕ್ಕಿನ ಆಮೇಲಿನ ಲೆಕ್ಕ ಪೂರ್ತಿ ಹೊಡೆದು ಹಾಕಿ ಮತ್ತೆ ಬರೀಬೇಕು.

ಅದಕ್ಕಿಂತ ದೊಡ್ಡ ಹೊಡೆತ ಆಮೇಲೆ ಬಿತ್ತು. ಸಂಗೀತವನ್ನ 100 ಬಿಪಿಎಂಗೆ (ನಿಮಿಷಕ್ಕೆ 100 ಬೀಟು, ಅಂದ್ರೆ ತಾಳದ 100 ಪೆಟ್ಟು) ಮಾಡ್ಕೊಂಡಿದ್ದೆ, ಕೇಳೋಕೆ ಹಿತವಾಗಿತ್ತು. ಆದ್ರೆ ನನ್ನ ಬೆಳ್ಳಕ್ಕಿ ಒಂದು ಸಲ ರೆಕ್ಕೆ ಬಡಿಯೋಕೆ 16 ಫ್ರೇಮ್ ತಗೊಳುತ್ತೆ, 100 ಬಿಪಿಎಂನಲ್ಲಿ ಒಂದು ಬೀಟು 14.4 ಫ್ರೇಮು. ಹಂಗಾಗಿ ಹಕ್ಕಿ ಒಂಬತ್ತು ಸಲ ರೆಕ್ಕೆ ಬಡಿಯೋದ್ರೊಳಗೆ ತಾಳ ಹತ್ತಾಗಿರೋದು. ಮೊದಲನೇ ಬಡಿತ ಕೂತಿದೆ, ನಾಲ್ಕನೇದಕ್ಕೆ ಏನೋ ಸರಿ ಇಲ್ಲ ಅನ್ಸುತ್ತೆ, ಮುಂದೆ ಮುಂದೆ ಹಕ್ಕಿ ಬೇರೆ, ಹಾಡು ಬೇರೆ. ಚಿತ್ರ ಕಣ್ಣೆದುರಿಗೆ ಇದ್ದಿದ್ರೆ ಮೊದಲ ದಿನವೇ ಗೊತ್ತಾಗ್ತಿತ್ತು. ಎರಡು ತಿಂಗಳು ನಾನು ರೆಕಾರ್ಡಿಂಗೇ ತಪ್ಪು ಅಂದ್ಕೊಂಡು ಹಾಳೆ ಮೇಲೆ ಹಾಳೆ ನೆನೆಸ್ತಾ ಕೂತಿದ್ದೆ.

ಲೆಕ್ಕ ಇಷ್ಟೇ, 24 ಫ್ರೇಮಿನ ಚಿತ್ರಕ್ಕೆ 1440ನ್ನ (ಒಂದು ನಿಮಿಷದ ಫ್ರೇಮು, 24 × 60) ಬಿಪಿಎಂನಿಂದ ಭಾಗಿಸಿದ್ರೆ ಒಂದು ಬೀಟಿಗೆ ಎಷ್ಟು ಫ್ರೇಮ್ ಅಂತ ಬರುತ್ತೆ. 120ಕ್ಕೆ 12, 96ಕ್ಕೆ 15, 90ಕ್ಕೆ 16. ನನಗೆ ಬೇಕಿದ್ದಿದ್ದು 90.

ರೀಪರ್‌ನಲ್ಲಿ ವಿಡಿಯೋ ಫೈಲನ್ನ ಟ್ರ್ಯಾಕ್ ಮೇಲೆ ಎಳೆದು ಹಾಕಿದ್ರೆ ಆಯ್ತು, ಪಕ್ಕದಲ್ಲಿ ಚಿತ್ರ ಓಡುತ್ತೆ, ಮೇಲಿನ ರೂಲರನ್ನ ಫ್ರೇಮ್ ಲೆಕ್ಕಕ್ಕೆ ಬದಲಾಯಿಸ್ಕೋಬಹುದು. (ವಿಂಡೋಸಲ್ಲಿ ಕೆಲವು ಫಾರ್ಮ್ಯಾಟ್ ತೆರೀಲಿಲ್ಲ ಅಂದ್ರೆ ವಿಎಲ್‌ಸಿ ಹಾಕ್ಕೊಳ್ಳಿ.) ನನ್ನ ಮನಸ್ಸು ಗೆದ್ದಿದ್ದು ಅದಲ್ಲ, ಟೈಮ್‌ಬೇಸ್ ಅನ್ನೋ ಸೆಟ್ಟಿಂಗು. ಹಾಳೆ ಸದ್ದಿನ ಟ್ರ್ಯಾಕಿಗೆ ಟೈಮು, ಸಂಗೀತದ ಟ್ರ್ಯಾಕಿಗೆ ಬೀಟು ಅಂತ ಬೇರೆ ಬೇರೆ ಇಡಬಹುದು. ಹಂಗಿಟ್ಟು ಟೆಂಪೋ 100ರಿಂದ 90ಕ್ಕೆ ಇಳಿಸಿದೆ, ಸಂಗೀತದ ಮಿಡಿ ನೋಟ್ಸೆಲ್ಲ (ಸದ್ದಲ್ಲ, ಯಾವ ಸ್ವರ ಯಾವಾಗ ಅನ್ನೋ ಸೂಚನೆ ಅಷ್ಟೇ) ತಾವಾಗೇ ಸರಿದ್ವು, ರೆಕ್ಕೆ ಸದ್ದು ಮಾತ್ರ ಚಿತ್ರಕ್ಕೆ ಅಂಟ್ಕೊಂಡು ಇದ್ದಲ್ಲೇ ಇತ್ತು. ಪ್ಲೇ ಒತ್ತಿದಾಗ ಬೆಳ್ಳಕ್ಕಿ ತಾಳದ ಮೇಲೇ ಹಾರ್ತಿತ್ತು, ಅಮ್ಮನ್ನ ಅಡಿಗೆಮನೆಯಿಂದ ಕರೆದು ತೋರಿಸಿದೆ.

ಎಫ್‌ಎಲ್ ಸ್ಟುಡಿಯೋ ಅನ್ನೋ ಹಾಡು ಮಾಡೋ ಸಾಫ್ಟ್‌ವೇರನ್ನ ಗೆಳೆಯನ ಕಂಪ್ಯೂಟರಲ್ಲಿ ನಾಲ್ಕು ದಿನ ನೋಡಿದೆ. ಬೀಟ್ ಕಟ್ಟೋಕೆ ಅದರಷ್ಟು ಖುಷಿ ಕೊಡೋದು ಇನ್ನೊಂದಿಲ್ಲ, ಒಂದ್ಸಲ ಕೊಂಡರೆ ಜೀವನಪೂರ್ತಿ ಅಪ್‌ಡೇಟ್ ಫ್ರೀ. ಆದ್ರೆ ಎಲ್ಲಕ್ಕಿಂತ ಕಡಿಮೆ ರೇಟಿನ ಫ್ರೂಟಿ ಎಡಿಷನ್ನಲ್ಲಿ ನಾನು ನೋಡಿದಾಗ ಆಡಿಯೋ ಕ್ಲಿಪ್ ಇಟ್ಕೊಂಡು ಕೆಲಸ ಮಾಡೋಕಾಗ್ತಿರ್ಲಿಲ್ಲ, ನನ್ನದು ಅರ್ಧ ಕೆಲಸ ರೆಕಾರ್ಡ್ ಮಾಡಿದ ಸದ್ದೇ.

ಡಾವಿಂಚಿ ರಿಸಾಲ್ವ್ ಅನ್ನೋ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿನ ಫ್ರೀ ವರ್ಷನ್ನಲ್ಲೇ ಫೇರ್‌ಲೈಟ್ ಅಂತ ಸದ್ದಿನ ವಿಭಾಗ ಇದೆ, ಒಳ್ಳೇ ಕಂಪ್ಯೂಟರ್ ಇದ್ದೋರು ಮೊದಲು ಅದನ್ನೇ ನೋಡಿ. ನನ್ನದು 8 ಜಿಬಿ ರ್‍ಯಾಮಿನ ಹಳೇ ಲ್ಯಾಪ್‌ಟಾಪು.

ಅಡಾಸಿಟಿ ಅನ್ನೋ ಫ್ರೀ ಸಾಫ್ಟ್‌ವೇರನ್ನ ಸದ್ದು ಕತ್ತರಿಸಿ ಜೋಡಿಸೋಕೆ ಈಗಲೂ ಬಳಸ್ತೀನಿ, ಆದ್ರೆ ಅದರಲ್ಲಿ ವಿಡಿಯೋ ಇಲ್ಲ.

ರೀಪರ್‌ನ ಕೊರತೆ ಏನಂದ್ರೆ, ತೆರೆದ ತಕ್ಷಣ ನುಡಿಸೋಕೆ ವಾದ್ಯ ಅಂತ ಹೆಚ್ಚೇನೂ ಇರಲ್ಲ. ನಾನು ಸರ್ಜ್ ಎಕ್ಸ್‌ಟಿ ಅನ್ನೋ ಫ್ರೀ ಸಿಂತ್ (ಸಾಫ್ಟ್‌ವೇರಲ್ಲೇ ಸದ್ದು ಹುಟ್ಟಿಸೋ ವಾದ್ಯ) ಹಾಕ್ಕೊಂಡಿದ್ದೀನಿ. ಮೆನುಗಳು ಕಾಡಿನ ಹಾಗೆ, ಮೊದಲ ವಾರ ತಲೆ ಬಿಸಿಯಾಗುತ್ತೆ. ರೆಕಾರ್ಡಿಂಗ್, ಪ್ರಾಜೆಕ್ಟ್ ಎರಡನ್ನೂ 48 ಕಿಲೋಹರ್ಟ್ಸಿಗೇ (ಸೆಕೆಂಡಿಗೆ 48 ಸಾವಿರ ಸ್ಯಾಂಪಲ್, ಅಂದ್ರೆ ಸದ್ದಿನ ಅಳತೆ) ಇಡಿ, ಒಂದು ಫ್ರೇಮಿಗೆ ಸರಿಯಾಗಿ 2000 ಸ್ಯಾಂಪಲ್ ಬರುತ್ತೆ, 44.1 ಇಟ್ಟರೆ 1837.5.

ದುಡ್ಡಿನ ಮಾತು. 60 ದಿನ ಪೂರ್ತಿ ಫ್ರೀ ಟ್ರಯಲ್, ಯಾವ ಫೀಚರ್ರೂ ಕಟ್ ಮಾಡಿರಲ್ಲ. ಸ್ವಂತ ಬಳಕೆಗೆ, ಇಲ್ಲ ವರ್ಷದ ವಹಿವಾಟು 20 ಸಾವಿರ ಡಾಲರಿನೊಳಗೆ ಇರೋರಿಗೆ ಲೈಸೆನ್ಸು 60 ಡಾಲರ್, ಅದಕ್ಕೂ ದೊಡ್ಡ ಎಡಿಷನ್ ಅಂತ ಇಲ್ಲ, ಎಲ್ಲರಿಗೂ ಅದೇ ಸಾಫ್ಟ್‌ವೇರು. ಇನ್‌ಸ್ಟಾಲರ್ ತುಂಬಾ ಚಿಕ್ಕದು, ಮಳೆಗಾಲದಲ್ಲಿ ನೆಟ್‌ವರ್ಕ್ ಬಂದು ಹೋಗೋ ನಮ್ಮನೇಲೂ ಒಂದೇ ಸಲಕ್ಕೆ ಇಳೀತು. ಹಾಡು ಮಾತ್ರ ಮಾಡೋರಾದ್ರೆ ಎಫ್‌ಎಲ್ ತಗೊಳ್ಳಿ, ಚಿತ್ರದ ಕೆಳಗೆ ಸದ್ದು ಕೂರಿಸೋರಾದ್ರೆ ಕಣ್ಣು ಮುಚ್ಕೊಂಡು ರೀಪರ್.

ಮುಂದಿನದಕ್ಕೆ ಕೆಸರಲ್ಲಿ ನಡೆಯೋ ಎಮ್ಮೆ ಬಿಡಿಸ್ತಿದ್ದೀನಿ. ಈ ಸಲ 80 ಬಿಪಿಎಂ, 18 ಫ್ರೇಮಿಗೆ ಒಂದು ಹೆಜ್ಜೆ, ಅದನ್ನ ಚಿತ್ರ ಶುರು ಮಾಡೋ ಮುಂಚೆನೇ ಗೋಡೆ ಮೇಲೆ ಬರೆದು ಅಂಟಿಸಿದ್ದೀನಿ. ಗೊರಸು ಕೆಸರಿಂದ ಮೇಲೆ ಬರೋ ಸದ್ದಿಗೆ ನಾದಿದ ಹಿಟ್ಟಲ್ಲಿ ಬೆರಳು ಇಟ್ಟು ಎಳೆದು ನೋಡಿದೆ, ಇನ್ನೂ ಸ್ವಲ್ಪ ನೀರು ಜಾಸ್ತಿ ಬೇಕು.